ಹರಕೆ ಹೊತ್ತ ಉಸಿರು

ಹುಣ್ಣಿಮೆಯ ದಿನ ಕೊಪ್ಪಳ ಸೀಮೆಯ ಹುಲಿಗಿಗೆ ಹೋದವರು, ತುಂಗಭದ್ರೆಯಲ್ಲಿ ಮಿಂದು ಉಟ್ಟ ಒದ್ದೆ ಸೀರೆಯಲ್ಲಿಯೇ ಹುಲಿಗೆಮ್ಮನ ಗುಡಿಯ ಕಡೆಗೆ ದೀಡ ನಮಸ್ಕಾರ ಹಾಕುತ್ತ ಸಾಗುವ ತಾಯಂದಿರನ್ನು ಕಾಣದೆ ಹಿಂದಿರುಗುವುದು ಅಪರೂಪ. ನೆಲಕ್ಕೆ ಉದ್ದುದ್ದ ಬೀಳುವುದು, ಚಾಚಿದ ಕೈ ಮುಟ್ಟಿದಲ್ಲಿ ಗೆರೆಯೆಳೆಯುವುದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೊಮ್ಮೆ ಬೀಳುವುದು. ಹೀಗೆ ದಾರಿಯನ್ನೆಲ್ಲ ತಮ್ಮ ಮೈಯಿಂದಲೇ ಅಳೆದು ದೇವಿಗೆ ಒಪ್ಪಿಸುವ ಈ ಸೇವೆಯ ಹಿಂದಿನ ಹರಕೆಗಳು ಬಗೆಬಗೆಯವು. ಬೆಳೆಗಾಗಿ, ಮದುವೆಗಾಗಿ, ಸಂತಾನಕ್ಕಾಗಿ ಹೊತ್ತ ಹರಕೆಗಳ ನಡುವೆ, ನಡುರಾತ್ರಿಯಲ್ಲಿ ಎದ್ದು ಕುಳಿತು, ಭುಜಗಳನ್ನು ಮೇಲೆತ್ತಿ, ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಸೆಳೆಯುವಂತೆ ಉಸಿರಾಡುವ ನಾಲ್ಕೈದು ವರ್ಷದ ಕೂಸಿನ ದಮ್ಮಿಗಾಗಿ ಹೊತ್ತ ಹರಕೆಯೂ ಉಂಟು. "ಎದಿ ಗೊರಗೊರ ಅಂತೈತ್ರೀ, ಅವ್ವನ ಕಾಯಬೇಕು" ಎಂದು ಹೇಳುವ ತಾಯಿಯ ಮಾತಿನಲ್ಲಿ ರೋಗದ ಲಕ್ಷಣವೂ ಶರಣಾಗತಿಯೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇಂತಹ ತಾಯಿಗೆ ವೈದ್ಯನೊಬ್ಬನು, ಮಗುವಿನ ಶ್ವಾಸಕೋಶದ ಸಾಮರ್ಥ್ಯವನ್ನು ಯಂತ್ರದಲ್ಲಿ ಊದಿಸಿ ಪರೀಕ್ಷಿಸಬೇಕು, ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕು ಎಂದು ಹೇಳಿದಾಗ ಅವಳ ಮನಸ್ಸಿನಲ್ಲಿ ಏಳುವ ಸಂಕೋಚವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಒಮ್ಮೆ ಅವ್ವನ ಉಡಿಗೆ ಹಾಕಿದ ಕೂಸನ್ನು ಮತ್ತೆ ಅಳೆದು ನೋಡುವುದೆಂದರೆ ಕೊಟ್ಟುದನ್ನು ಹಿಂದಕ್ಕೆ ಪಡೆದಂತಾಗುವುದಿಲ್ಲವೇ, ದೇವಿಯನ್ನೇ ಪರೀಕ್ಷೆಗೊಡ್ಡಿದಂತಾಗುವುದಿಲ್ಲವೇ ಎಂಬುದು ಅವಳ ಶಂಕೆ. ಶ್ರದ್ಧೆಯು ಪ್ರಮಾಣವನ್ನು ಬೇಡಬಹುದೇ, ಬೇಡಿದ ಮೇಲೆಯೂ ಅದು ಶ್ರದ್ಧೆಯಾಗಿ ಉಳಿಯುವುದೇ ಎಂಬ ಪ್ರಶ್ನೆ ನಮ್ಮ ಧರ್ಮಚಿಂತನೆಯಲ್ಲಿ ಬಹು ಹಿಂದಿನಿಂದ ಬಂದುದು. ಪಂಡಿತರು ಗ್ರಂಥಗಳಲ್ಲಿ ಕೇಳಿದ್ದನ್ನು ಅವಳು ಗುಡಿಯ ಮೆಟ್ಟಿಲ ಮೇಲೆ ಕೇಳುತ್ತಿದ್ದಾಳೆ, ಅಷ್ಟೆ. ಆದುದರಿಂದ ಅದಕ್ಕೆ ಸಲ್ಲಬೇಕಾದ ಗೌರವದಿಂದಲೇ ಉತ್ತರವನ್ನು ಹುಡುಕಬೇಕು.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಭಕ್ತಿಯು ಅಳತೆಯ ವೈರಿಯೆಂಬ ಭಾವನೆಗೆ ಹುಲಿಗಿಯಲ್ಲಿಯೇ ಆಧಾರವಿಲ್ಲ. ದೀಡ ನಮಸ್ಕಾರ ಮೈಯಳತೆಯ ಸೇವೆ. ಮಗುವನ್ನು ತಕ್ಕಡಿಯಲ್ಲಿಟ್ಟು ಬೆಲ್ಲವನ್ನೋ ನಾಣ್ಯವನ್ನೋ ಸಮತೂಕ ಒಪ್ಪಿಸುವ ತುಲಾಭಾರ ನಮ್ಮ ನಾಡಿನ ಎಷ್ಟೋ ಕ್ಷೇತ್ರಗಳಲ್ಲಿ ನಡೆದುಬಂದ ಆಚಾರ. ಬೇಸಿಗೆಯ ಜಾತ್ರೆಯಲ್ಲಿ ಅಕ್ಕಿಪಡಿ, ಅಗ್ನಿಕುಂಡ, ಬಾಳಿದಂಡಿಗೆಗಳೊಡನೆ ಪಾಯಸ ಅಗ್ನಿಯೆಂಬ ವಿಧಿಯೂ ಇಲ್ಲಿ ನಡೆಯುತ್ತದೆ; ಕುದಿಯುವ ಪಾಯಸದಲ್ಲಿ ಪೂಜಾರಿಗಳು ಕೈಯಿಕ್ಕುವುದನ್ನು ನೋಡಲು ಸಾವಿರಾರು ಜನ ನೆರೆಯುತ್ತಾರೆ. ಇದೂ ಪರೀಕ್ಷೆಯೇ. ದೇವಿಯ ಸಾನ್ನಿಧ್ಯವನ್ನು ಕಣ್ಣಾರೆ ಕಾಣಬೇಕೆಂಬ ಜನಸಮುದಾಯದ ಹಂಬಲಕ್ಕೆ ಒಬ್ಬನು ತನ್ನ ಚರ್ಮವನ್ನೇ ಒಡ್ಡಿ ಉತ್ತರ ಕೊಡುತ್ತಿರುವನಷ್ಟೆ.

ಆದರೆ ಆ ಕೈ ಯಾರದು ಎಂಬುದನ್ನು ಗಮನಿಸಬೇಕು. ಅದು ಪ್ರಾಪ್ತವಯಸ್ಕನ ಕೈ. ನಿಯಮವನ್ನು ತಾನಾಗಿ ಸ್ವೀಕರಿಸಿದವನ ಕೈ. ಸುಟ್ಟರೆ ಸುಡುವುದು ಅವನದೇ ಚರ್ಮ. ತಾಯಿಯ ದೀಡ ನಮಸ್ಕಾರದಲ್ಲಿಯೂ ಇದೇ ನ್ಯಾಯವಿದೆ. ಕೂಸಿನ ಸಂಕಟಕ್ಕೆ ಪ್ರತಿಯಾಗಿ ಅವಳು ಒಡ್ಡುವುದು ತನ್ನ ಮೊಣಕಾಲನ್ನು, ತನ್ನ ಉಪವಾಸವನ್ನು. ಅಲ್ಲಿಯವರೆಗೆ ಅವಳ ಹರಕೆ ಪ್ರೀತಿಯ ಅತ್ಯಂತ ಶುದ್ಧವಾದ ರೂಪಗಳಲ್ಲಿ ಒಂದು. ಹರಕೆಯನ್ನು ಹೊತ್ತೆನೆಂಬ ಕಾರಣದಿಂದಲೇ ಅವಳು ಪರೀಕ್ಷೆಯನ್ನು ಬೇಡವೆಂದಾಗ, ಅವಳಿಗೇ ಅರಿವಿಲ್ಲದಂತೆ ಪಣವು ಬದಲಾಗಿಬಿಡುತ್ತದೆ. ಒಡ್ಡಿದುದು ಇನ್ನು ಅವಳ ಮೈಯಲ್ಲ, ಕೂಸಿನ ಉಸಿರು. ತನ್ನ ಶ್ರದ್ಧೆಗಾಗಿ ತನ್ನ ದೇಹವನ್ನು ಪಣವಿಡುವ ಅಧಿಕಾರ ಮನುಷ್ಯನಿಗೆ ಉಂಟೆಂದು ನಾನು ಒಪ್ಪುತ್ತೇನೆ. ಇನ್ನೂ ಸಂಕಲ್ಪ ಮಾಡಲಾರದ, ತನ್ನ ನೋವನ್ನು ತಾನೇ ಹೇಳಲಾರದ ಜೀವದ ಉಸಿರನ್ನು ಪಣವಿಡುವ ಅಧಿಕಾರವನ್ನು ಯಾವ ಶಾಸ್ತ್ರವು ಯಾರಿಗೆ ಕೊಟ್ಟಿದೆ?

ಹೇಳಲಾರದ ಜೀವ ಎಂದೆ. ಈ ವ್ಯಾಧಿಯ ವಿಷಯದಲ್ಲಿ ಆ ಮಾತು ಅಕ್ಷರಶಃ ಸತ್ಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರವೆಂದು ಐದು ಬಗೆಯ ಶ್ವಾಸರೋಗಗಳನ್ನು ಹೇಳಿದೆ. ಅವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದುವ ಇಂದಿನ ವೈದ್ಯನಿಗೆ ತನ್ನ ಎದುರಿನ ರೋಗಿಯನ್ನೇ ಕಂಡಂತಾಗುತ್ತದೆ. ಮಲಗಿದರೆ ಹೆಚ್ಚುವುದು, ಕುಳಿತರೆ ತುಸು ಸಮಾಧಾನ; ಕಫ ಹೊರಬಿದ್ದರೆ ಮುಹೂರ್ತಮಾತ್ರ ಸುಖ; ಬಿಸಿಯ ಬಯಕೆ; ಮೋಡ, ಮಳೆ, ಚಳಿ, ಮೂಡಣ ಗಾಳಿಗಳಲ್ಲಿ ಉಲ್ಬಣ; ಮಾತನಾಡಲು ಪ್ರಯಾಸ. ಸಂಹಿತಾಕಾರನು ಇದನ್ನು ಯಾಪ್ಯವೆಂದು, ಅಂದರೆ ಎಡೆಬಿಡದ ಉಪಚಾರದಿಂದ ಅಂಕೆಯಲ್ಲಿಟ್ಟುಕೊಳ್ಳಬೇಕಾದ ವ್ಯಾಧಿಯೆಂದು ಗಣಿಸಿ, ಹೊಸದಾಗಿ ಹುಟ್ಟಿದುದಾದರೆ ಸಾಧ್ಯವೂ ಆಗಬಹುದೆಂದು ಸೇರಿಸಿದನು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಚರಕನು ಹೊರಗಿನಿಂದ ಕಂಡುದರ ಒಳಗಿನ ವ್ಯಾಪಾರವನ್ನು ನಾವು ಈಗ ಬಲ್ಲೆವು. ಶ್ವಾಸನಾಳಗಳ ಒಳಪದರ ಉರಿಯೂತದಿಂದ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ಕಟ್ಟುತ್ತದೆ. ಗಾಳಿ ನಯವಾಗಿ ಹರಿಯುವ ನಳಿಕೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವಿಗೆ ಒದಗುವ ಅಡ್ಡಿ ಇಮ್ಮಡಿಯಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ; ಮೊದಲೇ ಕಿರಿದಾದ ನಾಳಗಳುಳ್ಳ ಎಳೆಯ ಮಗುವಿಗೆ ಕೂದಲೆಳೆಯಷ್ಟು ಊತವೂ ಹೊರಲಾರದ ಹೊರೆಯಾಗುವುದು ಇದರಿಂದಲೇ. ಎದೆ ಹಿಗ್ಗುವಾಗ ನಾಳಗಳೂ ತುಸು ಹಿಗ್ಗುವುದರಿಂದ ಉಸಿರು ಹೇಗೋ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಅವು ಕುಗ್ಗಿ ದಾರಿ ಮುಚ್ಚುತ್ತವೆ. ಯೋಗಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಈ ರೋಗದ ಪೀಡೆ ಪೂರಕಕ್ಕಿಂತ ಹೆಚ್ಚಾಗಿ ರೇಚಕದ ಪೀಡೆ. ಪಡೆದುದನ್ನು ಬಿಟ್ಟುಕೊಡಲಾಗದೆ, ಬಿಡದಿದ್ದುದರಿಂದ ಹೊಸದನ್ನು ಪಡೆಯಲೂ ಆಗದೆ ಕೂಸು ತೊಳಲುತ್ತದೆ.

ಮತ್ತೊಂದು ಸಂಗತಿ ಇದಕ್ಕಿಂತಲೂ ಕಳವಳಕಾರಿಯಾದುದು. ನಾಳಗಳು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಕಿರಿದಾಗುತ್ತ ಬಂದಾಗ ಎಷ್ಟೋ ಮಕ್ಕಳಿಗೆ ಅದು ತಿಳಿಯುವುದೇ ಇಲ್ಲ. ನಿರಾಳವಾದ ಉಸಿರು ಹೇಗಿರುತ್ತದೆಂಬ ನೆನಪಿಲ್ಲದ ಮಗು ತನ್ನ ಇಕ್ಕಟ್ಟನ್ನೇ ಲೋಕಸ್ಥಿತಿಯೆಂದು ಬಗೆಯುತ್ತದೆ. ಓಟದಾಟದಲ್ಲಿ ಹಿಂದೆ ಉಳಿಯುತ್ತದೆ, ಆಮೇಲೆ ಓಟದಾಟವನ್ನೇ ಬಿಡುತ್ತದೆ, ಮನೆಯವರು "ನಮ್ಮ ಹುಡುಗ ಭಾಳ ಶಾಂತ" ಎಂದುಕೊಳ್ಳುತ್ತಾರೆ. ನೋವನ್ನು ಅನುಭವಿಸುವವನಿಗೇ ಆ ನೋವು ಪ್ರತ್ಯಕ್ಷವಲ್ಲದಾಗ, ನೋಡುವವರು ಕಣ್ಣಿಗೆ ಕಂಡುದನ್ನೇ ನಂಬಿ ಮೋಸಹೋಗುತ್ತಿರುವಾಗ, ಸಾಕ್ಷಿ ಹೇಳುವವರು ಯಾರು?

ಶ್ವಾಸಪರೀಕ್ಷೆಯ ಸಾರ್ಥಕ್ಯ ಇಲ್ಲಿದೆ. 1846ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ಶಸ್ತ್ರವೈದ್ಯನು, ನೀರಿನ ಮೇಲೆ ಬೋರಲಾಗಿ ತೇಲುವ ಪಾತ್ರೆಯೊಳಕ್ಕೆ ಊದಿಸಿ, ನಾವಿಕರು, ಪೊಲೀಸರು, ಅಚ್ಚುಮೊಳೆ ಜೋಡಿಸುವವರು, ಮಲ್ಲರು, ನಿರ್ಗತಿಕರು ಎಂದು ಎರಡು ಸಾವಿರಕ್ಕೂ ಮಿಕ್ಕ ಜನರ ಉಸಿರನ್ನು ಅಳೆದು, ಒಬ್ಬನು ಪೂರ್ಣವಾಗಿ ಸೆಳೆದು ಪೂರ್ಣವಾಗಿ ಬಿಡಬಲ್ಲ ಗಾಳಿಯು ಅವನ ಎತ್ತರವನ್ನು ಅನುಸರಿಸುವುದೆಂದು ಕಂಡುಕೊಂಡು, ಅದಕ್ಕೆ ಜೀವಸಾಮರ್ಥ್ಯವೆಂಬ ಅರ್ಥದ ಹೆಸರಿಟ್ಟನು. 1947ರಲ್ಲಿ ಪ್ಯಾರಿಸಿನ ತಿಫೆನೋ ಎಂಬುವನು ಎಷ್ಟು ಗಾಳಿ ಎಂಬುದರ ಜೊತೆಗೆ ಎಷ್ಟು ಬೇಗ ಎಂಬುದನ್ನೂ ಕೇಳಿ, ಬಿಡುವ ಉಸಿರಿನ ಮೊದಲ ಒಂದು ಸೆಕೆಂಡಿನ ಪ್ರಮಾಣವನ್ನು ಮುಖ್ಯವಾಗಿಸಿದನು. 1959ರಲ್ಲಿ ಮಾರ್ಟಿನ್ ರೈಟ್ ಎಂಬ ಇಂಗ್ಲಿಷ್ ವೈದ್ಯನ ಪೀಕ್ ಫ್ಲೋ ಮೀಟರು ಲೋಕಕ್ಕೆ ಪರಿಚಯವಾಯಿತು. ಅದರ ಕಿರಿಯ ರೂಪವಾದ ಪ್ಲಾಸ್ಟಿಕ್ಕಿನ ನಳಿಕೆ ಇಂದು ಕೆಲವು ನೂರು ರೂಪಾಯಿಗೆ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಮೂರು ಅಡಿ ಎಂಟು ಅಂಗುಲದ ಆರೋಗ್ಯವಂತ ಮಗು ಅದರೊಳಗೆ ಊದಿದರೆ ಮುಳ್ಳು ನಿಮಿಷಕ್ಕೆ ಸುಮಾರು 150 ಲೀಟರಿನ ಆಸುಪಾಸಿಗೆ ಸರಿಯುತ್ತದೆ.

ಹೇಳುವುದಕ್ಕೆ ಇಷ್ಟು, ಐದು ವರ್ಷದ ಮಗುವಿನಿಂದ ಮಾಡಿಸುವುದು ಬೇರೆಯೇ ವಿದ್ಯೆ. ಮೂಗನ್ನು ಚಿಮುಟದಿಂದ ಮುಚ್ಚಿಸಿಕೊಂಡು, ತುಟಿಗಳಿಂದ ನಳಿಕೆಯನ್ನು ಬಿಗಿಯಾಗಿ ಕಚ್ಚಿ, ಎದೆ ತುಂಬ ಸೆಳೆದು, ತಡೆಯದೆ, ಕೆಮ್ಮದೆ, ಕಡೆಯ ಉಸಿರಿನವರೆಗೂ ರಭಸವಾಗಿ ಊದಬೇಕು. ಒಂದಕ್ಕೊಂದು ಹೊಂದುವ ಫಲ ಬರುವವರೆಗೆ ಮತ್ತೆ ಮತ್ತೆ ಊದಬೇಕು. ಬಿಗಿದ ನಾಳಗಳನ್ನು ಸಡಿಲಿಸುವ ಸಾಲ್ಬುಟಮಾಲ್ ಔಷಧಿಯನ್ನು ಕೊಟ್ಟು ಕಾಲು ಗಂಟೆ ಕಳೆದ ಮೇಲೆ ಇದೆಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಮೊದಲ ಸೆಕೆಂಡಿನ ಉಸಿರು ಆಗ ನೂರಕ್ಕೆ ಹನ್ನೆರಡರಷ್ಟು ಏರಿದರೆ, ಮುಚ್ಚಿದ್ದ ದಾರಿ ತೆರೆಯಬಲ್ಲದೆಂಬುದಕ್ಕೆ ಅದೇ ಪ್ರಮಾಣ. ಇನ್ನೂ ಎಳೆಯ ಮಕ್ಕಳ ಪುಟ್ಟ ಶ್ವಾಸಕೋಶ ಒಂದು ಸೆಕೆಂಡು ತುಂಬುವುದರೊಳಗೇ ಬರಿದಾಗಿಬಿಡುವುದರಿಂದ ಅವರಿಗೆ ಅರ್ಧ ಅಥವಾ ಮುಕ್ಕಾಲು ಸೆಕೆಂಡಿನ ಲೆಕ್ಕವೇ ಗತಿ. ಯಂತ್ರದ ಪರದೆಯ ಮೇಲೆ ಉರಿಯುವ ಮೇಣದಬತ್ತಿಗಳನ್ನು ತೋರಿಸಿ, ಒಂದೊಂದಾಗಿ ಆರಿಸೆಂದು ಹುರಿದುಂಬಿಸಿ, ತಂತ್ರಜ್ಞನು ತಾನೂ ಕೆನ್ನೆಯುಬ್ಬಿಸಿ ಊದಿ ತೋರಿಸಿದರೆ ಮೂರು ನಾಲ್ಕು ವರ್ಷದ ಮಕ್ಕಳಲ್ಲಿಯೂ ಹಲವರು ಗೆಲ್ಲುತ್ತಾರೆ. ಗದರಿದರೆ ಯಾವ ಮಗುವೂ ಊದುವುದಿಲ್ಲ. ರಕ್ತವನ್ನು ಬಲಾತ್ಕಾರದಿಂದ ಸೆಳೆಯಬಹುದು, ಎದೆಯ ಚಿತ್ರವನ್ನು ಅಳುತ್ತಿರುವಾಗಲೂ ತೆಗೆಯಬಹುದು. ಪೂರ್ಣವಾದ ಒಂದು ಉಸಿರನ್ನು ಮಾತ್ರ ಮಗು ತಾನಾಗಿಯೇ ಕೊಡಬೇಕು, ಎದುರಿನವರನ್ನು ನಂಬಿದರೆ ಮಾತ್ರ ಕೊಡುತ್ತದೆ. ಹೀಗಿರುವಾಗ ಪರೀಕ್ಷೆ ಒಂದು ಕಡೆ, ವಿಶ್ವಾಸ ಒಂದು ಕಡೆ ಎಂದು ಗೆರೆಯೆಳೆಯುವುದು ಹೇಗೆ? ಈ ಪರೀಕ್ಷೆಯು ಹುಟ್ಟುವುದೇ ಒಂದು ವಿಶ್ವಾಸದಿಂದ.

ಕೌಷೀತಕಿ ಉಪನಿಷತ್ತಿನಲ್ಲಿ ಪ್ರತರ್ದನನ ಹೆಸರಿನಲ್ಲಿ ಒಂದು ಅಂತರಂಗದ ಅಗ್ನಿಹೋತ್ರವನ್ನು ಹೇಳಿದೆ. ಮನುಷ್ಯನು ಮಾತನಾಡುತ್ತಿರುವಷ್ಟು ಹೊತ್ತು ಉಸಿರೆಳೆಯಲಾರನು, ಆಗ ಅವನು ಪ್ರಾಣವನ್ನು ವಾಕ್ಕಿನಲ್ಲಿ ಹೋಮಿಸುತ್ತಾನೆ. ಉಸಿರೆಳೆಯುತ್ತಿರುವಷ್ಟು ಹೊತ್ತು ಮಾತನಾಡಲಾರನು, ಆಗ ವಾಕ್ಕನ್ನು ಪ್ರಾಣದಲ್ಲಿ ಹೋಮಿಸುತ್ತಾನೆ. ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಈ ಎರಡು ಆಹುತಿಗಳು ತಡೆಯಿಲ್ಲದೆ ನಡೆಯುತ್ತಿರುತ್ತವೆ ಎಂಬುದು ಅದರ ತಾತ್ಪರ್ಯ. ದಮ್ಮೆದ್ದ ಕೂಸಿನ ಬಳಿ ಕುಳಿತವರಿಗೆ ಈ ಆಹುತಿ ಮುರಿಯುವುದು ಕಣ್ಣಿಗೇ ಕಾಣುತ್ತದೆ. ಒಂದು ಪದ, ಒಂದು ಉಸಿರು, ಮತ್ತೊಂದು ಪದ. ಒಂದೇ ಉಸಿರಿಗೆ ಒಂದು ವಾಕ್ಯವನ್ನು ಮುಗಿಸಲಾರದಿರುವುದನ್ನು ವೈದ್ಯರು ತೀವ್ರ ಅಪಾಯದ ಚಿಹ್ನೆಯೆಂದು ಎಣಿಸುತ್ತಾರೆ. ಉಪನಿಷತ್ತಿನ ದೃಷ್ಟಿಯಲ್ಲಿಯೂ ಅದು ಯಜ್ಞವಿಘ್ನವೇ. ಇನ್ನು ಊದಲಾರದಷ್ಟು ಎಳೆಯ ಕೂಸುಗಳ ಉಸಿರನ್ನು ಅಳೆಯಲು ಮತ್ತೊಂದು ವಿಧಾನವಿದೆ. 1956ರಲ್ಲಿ ಡುಬೋಯಿಸ್ ಮತ್ತು ಅವನ ಸಂಗಡಿಗರು ರೂಪಿಸಿದ ತತ್ತ್ವದಂತೆ, ತಾಯಿಯ ತೊಡೆಯ ಮೇಲೆ ಕುಳಿತ ಮಗು ಸಹಜವಾಗಿ ಉಸಿರಾಡುತ್ತಿರುವಾಗ, ಕೆನ್ನೆಗಳನ್ನು ಅಂಗೈಗಳಿಂದ ಹಿಡಿದು, ಬಾಯಿಯ ನಳಿಕೆಯ ಮೂಲಕ ಮಂದವಾದ ಧ್ವನಿತರಂಗಗಳನ್ನು ಒಳಗೆ ಕಳುಹಿಸಿ, ಅವಕ್ಕೆ ಒದಗುವ ಪ್ರತಿರೋಧವನ್ನು ಗುರುತಿಸುವರು. ಅಲ್ಲಿ ಮಗು ಏನನ್ನೂ ಮಾಡಬೇಕಾಗಿಲ್ಲ, ಇದ್ದರೆ ಸಾಕು.

ಇಷ್ಟರಲ್ಲಿ ವೇದಾಂತಿಯೊಬ್ಬನು ಆಕ್ಷೇಪವನ್ನೆತ್ತಬಹುದು. ಯಂತ್ರವು ಅಳೆದುದು ವಾಯುವನ್ನು, ಪ್ರಾಣವನ್ನಲ್ಲ. ಲೀಟರುಗಳಲ್ಲಿ ಜೀವವಿದೆಯೆಂದು ಯಾರು ಹೇಳಿದರು? ಆಕ್ಷೇಪ ಸಾಧಾರವಾದುದೇ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಮುಖ್ಯಪ್ರಾಣವು ಬರಿಯ ವಾಯುವೂ ಅಲ್ಲ, ಇಂದ್ರಿಯಗಳ ವ್ಯಾಪಾರವೂ ಅಲ್ಲ, ಶ್ರುತಿಯು ಅದನ್ನು ಬೇರೆಯಾಗಿಯೇ ಹೇಳಿದೆಯೆಂದು ನಿರ್ಣಯಿಸಿದೆ. ನಾನು ಈ ನಿರ್ಣಯಕ್ಕೆ ತಲೆಬಾಗುತ್ತೇನೆ. ಆದರೆ ಅದರಿಂದ ಹೊರಡುವ ಅನುಮಾನ ಆಕ್ಷೇಪಕನು ಎಣಿಸಿದುದಲ್ಲ. ಯಂತ್ರವು ಪ್ರಾಣವನ್ನು ಮುಟ್ಟುವುದೇ ಇಲ್ಲವಾದ ಪಕ್ಷದಲ್ಲಿ ಅದರಿಂದ ಪ್ರಾಣಕ್ಕೆ ಅಪಚಾರವಾಗುವುದಾದರೂ ಹೇಗೆ, ಪ್ರಾಣಾಧಿದೇವತೆಗೆ ಅವಮಾನವಾಗುವುದಾದರೂ ಹೇಗೆ? ಛಾಂದೋಗ್ಯದ ಕಥೆಯಲ್ಲಿ ವಾಕ್ಕು, ಚಕ್ಷುಸ್ಸು, ಶ್ರೋತ್ರ, ಮನಸ್ಸುಗಳು ಒಂದೊಂದು ವರ್ಷ ದೇಹವನ್ನು ಬಿಟ್ಟುಹೋಗಿ ಬಂದು, ತಾವಿಲ್ಲದೆಯೂ ದೇಹ ಉಳಿದುದನ್ನು ಕಂಡುವು. ಪ್ರಾಣವು ಹೊರಡಲು ಅನುವಾದಾಗಲಾದರೋ ಉಳಿದವೆಲ್ಲವೂ ಬೇರುಸಹಿತ ಅಲುಗಿದುವು. ಯಾರು ಶ್ರೇಷ್ಠರೆಂಬ ಜಿಜ್ಞಾಸೆಯನ್ನು ಉಪನಿಷತ್ತು ಪ್ರಯೋಗದಿಂದ ತೀರ್ಮಾನಿಸಿತು, ಬರಿಯ ಆಗ್ರಹದಿಂದಲ್ಲ. ಕೊಪ್ಪಳದ ಗವಿಮಠದ ನೆರಳಿನಲ್ಲಿ ಬಾಳುವ ಈ ಸೀಮೆಗೆ ಇನ್ನೊಂದು ಪರಂಪರೆಯೂ ಹತ್ತಿರದ್ದು. ಶರಣರ ಷಟ್‌ಸ್ಥಲದಲ್ಲಿ ನಾಲ್ಕನೆಯದು ಪ್ರಾಣಲಿಂಗಿಸ್ಥಲ. ಅಲ್ಲಿ ಪೂಜೆಯು ಕರಸ್ಥಲದಿಂದ ಒಳಸರಿದು ಪ್ರಾಣವೇ ಲಿಂಗವಾಗುತ್ತದೆ. ಉಸಿರನ್ನು ಲಿಂಗವೆಂದು ಬಗೆದವರಿಗೆ ಅದರ ದಾರಿಯನ್ನು ಶೋಧಿಸಿ ನೋಡುವುದು ಪೂಜೆಯ ಪೂರ್ವಾಂಗವಾಗಬೇಕಲ್ಲದೆ ಪೂಜೆಗೆ ವಿರೋಧವಾಗಕೂಡದು.

ಇನ್ನು ನಮ್ಮ ಸೀಮೆಯದೇ ಆದ ಮತ್ತೊಂದು ಆಚಾರವನ್ನು ನೋಡೋಣ. ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಯಲ್ಲಿ ಪ್ರತಿವರ್ಷ ಜೂನ್ ತಿಂಗಳ ಮೊದಲ ಭಾಗದಲ್ಲಿ, ಮೃಗಶಿರಾ ಮಳೆ ಕೂಡುವ ಗಳಿಗೆಗೆ ಸರಿಯಾಗಿ, ಅಸ್ತಮಾಕ್ಕೆಂದು ಒಂದು ಔಷಧಿಯನ್ನು ಉಚಿತವಾಗಿ ಕೊಡುತ್ತಾರೆ. ಹೈದರಾಬಾದಿನಲ್ಲಿ ಅದೇ ಕಾಲಕ್ಕೆ ಜೀವಂತ ಮೀನಿನೊಡನೆ ನುಂಗಿಸುವ ಪ್ರಸಾದದಂತೆ ಇದಕ್ಕೂ ದೂರದೂರದಿಂದ ಜನ ಬರುತ್ತಾರೆ. ಹಣವನ್ನು ಬಯಸದೆ ನಡೆಸಿಕೊಂಡು ಬಂದ ಸೇವೆಯನ್ನು ನಾನು ಲಘುವಾಗಿ ಕಾಣಲಾರೆ. ನನ್ನ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು. ಅಲ್ಲಿ ನಕ್ಷತ್ರಪ್ರವೇಶದ ಕಾಲವನ್ನು ನಿಮಿಷ ತಪ್ಪದಂತೆ ಅಳೆಯುತ್ತಾರೆ. ಔಷಧಿಯ ಮುಂಚಿನ ಉಸಿರನ್ನಾಗಲಿ ಅನಂತರದ ಉಸಿರನ್ನಾಗಲಿ ಅಳೆಯುವವರಿಲ್ಲ. ರೋಗವು ತಾನಾಗಿ ಏರಿ ತಾನಾಗಿ ಇಳಿಯುವಂಥದು. ತೀರ ಉಲ್ಬಣಿಸಿದಾಗ ಹೊರಟುಬಂದವನಿಗೆ ಮುಂದಿನ ತಿಂಗಳು, ಏನನ್ನೂ ನುಂಗದಿದ್ದರೂ, ಬಹುಮಟ್ಟಿಗೆ ಮೇಲೆಂದೇ ತೋರುವುದು. ಸುಖವಾಯಿತೆಂದು ಅವನು ಹೇಳುವ ಮಾತು ಸುಳ್ಳಲ್ಲ; ಆ ಸುಖದ ಕಾರಣ ಯಾವುದೆಂಬುದು ಮಾತ್ರ ಆ ಮಾತಿನಿಂದ ಗೊತ್ತಾಗುವುದಿಲ್ಲ.

2011ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ನನ್ನನ್ನು ಬಹುವಾಗಿ ಕಾಡಿದೆ. ಅಸ್ತಮಾವಿದ್ದ ವಯಸ್ಕರಿಗೆ ಸರದಿಯ ಮೇಲೆ ನಿಜವಾದ ಸಾಲ್ಬುಟಮಾಲ್ ಪಂಪು, ಔಷಧಿಯಿಲ್ಲದ ಹುಸಿ ಪಂಪು, ಹುಸಿ ಸೂಜಿಚಿಕಿತ್ಸೆ ಇವುಗಳನ್ನು ಕೊಟ್ಟು, ಒಮ್ಮೆ ಏನನ್ನೂ ಕೊಡದೆ, ಪ್ರತಿಸಲವೂ ಎರಡು ಪ್ರಶ್ನೆಗಳನ್ನು ಕೇಳಿದರು: ನಿನಗೆ ಹೇಗನಿಸುತ್ತದೆ ಎಂದು ರೋಗಿಯನ್ನು, ಎಷ್ಟು ಗಾಳಿ ಬಂತೆಂದು ಯಂತ್ರವನ್ನು. ನಿಜವಾದ ಔಷಧಿಯಿಂದ ಮೊದಲ ಸೆಕೆಂಡಿನ ಉಸಿರು ನೂರಕ್ಕೆ 20ರಷ್ಟು ಏರಿತು. ಉಳಿದ ಮೂರರಲ್ಲಿ ಏರಿದುದು ಸುಮಾರು 7ರಷ್ಟು ಮಾತ್ರ. ರೋಗಿಗಳಾದರೋ ನಿಜವಾದ ಪಂಪಿನಿಂದಲೂ ಹುಸಿ ಪಂಪಿನಿಂದಲೂ ಹುಸಿ ಸೂಜಿಯಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಸುಖವನ್ನು ಪಡೆದೆವೆಂದರು. ಏನನ್ನೂ ಕೊಡದಾಗಲಷ್ಟೇ ಆ ಸುಖ ಅರ್ಧಕ್ಕಿಂತ ಕೆಳಗಿಳಿಯಿತು. ಇದರಿಂದ ಎರಡು ವಿಷಯಗಳು ಏಕಕಾಲಕ್ಕೆ ಸಿದ್ಧವಾಗುತ್ತವೆಂದು ನನಗೆ ತೋರುತ್ತದೆ. ಯಾರಾದರೂ ನಮ್ಮನ್ನು ಕಾಯುತ್ತಿದ್ದಾರೆಂಬ ಭಾವನೆಯಿಂದ ಒದಗುವ ನೆಮ್ಮದಿ ಭ್ರಮೆಯಲ್ಲ, ಅದು ನಿಜವಾದ ನೆಮ್ಮದಿ. ಹುಲಿಗೆಮ್ಮನ ಭಂಡಾರವನ್ನು ಹಣೆಗೆ ಹಚ್ಚಿಸಿಕೊಂಡ ಮಗುವಿಗೂ ಅದು ದೊರೆಯುತ್ತದೆ, ದೊರೆಯಲಿ. ಆದರೆ ನೆಮ್ಮದಿ ಬಂದ ಮಾತ್ರಕ್ಕೆ ನಾಳವು ತೆರೆದಿರುವುದಿಲ್ಲ. ವಯಸ್ಕನೇ ತನ್ನ ಎದೆಯ ವಿಷಯದಲ್ಲಿ ಹೀಗೆ ವಂಚಿತನಾಗುವುದಾದರೆ, ಕೂಸಿನ ಮುಖವನ್ನು ನೋಡಿ, ಮೇಲಾಯಿತೆಂದು ನಿಶ್ಚಯಿಸುವ ತಾಯಿ, ಅವಳ ಪ್ರೀತಿಯ ದೆಸೆಯಿಂದಲೇ, ಎಷ್ಟು ಸುಲಭವಾಗಿ ವಂಚಿತಳಾಗಬಹುದು! ನೈಯಾಯಿಕರು ಶಬ್ದಪ್ರಮಾಣವನ್ನು ಒಪ್ಪುವಾಗ ಹೇಳುವವನು ಆಪ್ತನಾಗಿರಬೇಕೆಂದು, ಇದ್ದುದನ್ನು ಇದ್ದಂತೆ ಬಲ್ಲವನಾಗಿರಬೇಕೆಂದು ನಿಯಮಿಸಿದರು. ಆಸೆಯೂ ಭಯವೂ ಇಲ್ಲದ ಒಬ್ಬ ಸಾಕ್ಷಿ ಕೂಸಿಗೆ ಬೇಕು. ಆ ನಳಿಕೆಯ ಮುಳ್ಳಿಗೆ ಆಸೆಯೂ ಇಲ್ಲ, ಭಯವೂ ಇಲ್ಲ.

ಸಾಕ್ಷಿಯ ಇತಿಮಿತಿಗಳನ್ನೂ ಹೇಳದಿದ್ದರೆ ನನ್ನ ವಾದ ಅರ್ಧಸತ್ಯವಾಗುತ್ತದೆ. ರೋಗವು ಶಾಂತವಾಗಿರುವ ದಿನ ಊದಿಸಿದರೆ ಎಷ್ಟೋ ಮಕ್ಕಳ ಅಂಕಿಗಳು ಸಹಜವಾಗಿಯೇ ಇರುತ್ತವೆ. ಅದರಿಂದ ಅಸ್ತಮಾ ಇಲ್ಲವೆಂದು ಸಿದ್ಧವಾಗುವುದಿಲ್ಲ. ಐದು ವರ್ಷದೊಳಗಿನ ಮಗುವಿನಲ್ಲಿ ರೋಗನಿರ್ಣಯವು ಇಂದಿಗೂ ಮುಖ್ಯವಾಗಿ ತಾಯಿ ಹೇಳಿದ ರಾತ್ರಿಗಳ ಕಥೆಯನ್ನು, ಮನೆತನದ ವೃತ್ತಾಂತವನ್ನು, ಔಷಧಿಗೆ ಮೈ ಓಗೊಟ್ಟ ಬಗೆಯನ್ನು ಅವಲಂಬಿಸಿದೆ. ಎಷ್ಟೇ ಬಲವಾಗಿ ಊದಿದರೂ ಶ್ವಾಸಕೋಶದಲ್ಲಿ ಒಂದಷ್ಟು ಗಾಳಿ ಉಳಿದೇ ಉಳಿಯುತ್ತದೆ, ಊದುವ ಯಂತ್ರಕ್ಕೆ ಆ ಶೇಷವು ಗೋಚರವಲ್ಲ. ಯಾವ ಪ್ರಮಾಣವೂ ತನ್ನ ಪ್ರಮೇಯವನ್ನು ಪೂರ್ತಿಯಾಗಿ ಬರಿದುಮಾಡಲಾರದೆಂಬ ವಿನಯವನ್ನು ವೈದ್ಯನು ಇಲ್ಲಿಂದ ಕಲಿಯಬಹುದು.

ಚರಕನ ಯಾಪ್ಯವೆಂಬ ಮಾತಿಗೆ ಈಗ ಬರುತ್ತೇನೆ. ಹರಕೆಯು ತೀರುವಂಥದು. ಬೇಡಿದುದು ದೊರೆತರೆ ಒಪ್ಪಿಸಬೇಕಾದುದನ್ನು ಒಪ್ಪಿಸಿ, ಉಧೋ ಉಧೋ ಎಂದು ಕೈಮುಗಿದು, ಋಣಮುಕ್ತರಾಗಿ ಊರಿಗೆ ಮರಳುತ್ತಾರೆ. ಯಾಪ್ಯವಾದ ವ್ಯಾಧಿ ಹೀಗೆ ತೀರುವುದಿಲ್ಲ. ಮೀಮಾಂಸಕರು ಕರ್ಮಗಳಲ್ಲಿ ಕಾಮ್ಯವೆಂದೂ ನಿತ್ಯವೆಂದೂ ಭೇದವನ್ನು ಮಾಡಿದರು. ಒಂದು ಫಲವನ್ನು ಬಯಸಿ ಮಾಡುವುದು ಕಾಮ್ಯ, ಸಂಧ್ಯಾವಂದನೆಯಂತೆ ಮಾಡದಿದ್ದರೆ ಪ್ರತ್ಯವಾಯವುಂಟಾಗುವಂತಹುದು ನಿತ್ಯ. ಹರಕೆಯು ಕಾಮ್ಯದ ವರ್ಗಕ್ಕೆ ಸೇರಿದರೆ, ದಿನವೂ ಎರಡು ಹೊತ್ತು ಪಂಪಿಗೆ ಜೋಡಿಸುವ ಸ್ಪೇಸರಿನ ಮೂಲಕ ಕೊಡಬೇಕಾದ, ಉರಿಯೂತವನ್ನು ತಗ್ಗಿಸುವ ಔಷಧಿಯೂ, ನಿಯತಕಾಲಕ್ಕೆ ಮಾಡಿಸಬೇಕಾದ ಶ್ವಾಸಪರೀಕ್ಷೆಯೂ ನಿತ್ಯದ ವರ್ಗಕ್ಕೆ ಸೇರುತ್ತವೆ. ಕಾಮ್ಯವನ್ನು ಮಾಡಿದೆನೆಂದು ನಿತ್ಯವನ್ನು ಬಿಡಲು ಯಾವ ಮೀಮಾಂಸಕನೂ ಅಪ್ಪಣೆ ಕೊಟ್ಟಿಲ್ಲ. "ಪಂಪು ಹಚ್ಚಿದ್ರ ಬಿಡಂಗಿಲ್ಲ, ಚಟ ಆಗ್ತೈತಿ" ಎಂಬ ಅಂಜಿಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಅದು ಚಟವಲ್ಲ, ಚರಕನೇ ಹೇಳಿದಂತೆ ವ್ಯಾಧಿಯ ಸ್ವಭಾವವೇ ನಿತ್ಯೋಪಚಾರವನ್ನು ಬೇಡುವಂಥದು, ಮತ್ತು ಅಳತೆ ಚೆನ್ನಾಗಿ ಉಳಿದು ಬಂದಾಗ ಪ್ರಮಾಣವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಲು ವೈದ್ಯನಿಗೆ ಧೈರ್ಯ ಬರುವುದೂ ಆ ಅಳತೆಯಿಂದಲೇ. ಜಾತ್ರೆಗೆ ಮಗುವನ್ನು ಕರೆತರುವ ತಾಯಿ ಪಂಪನ್ನು ಚೀಲದಲ್ಲಿಟ್ಟುಕೊಂಡು ಬರಲಿ; ನಸುಕಿನ ತಣ್ಣೀರ ಸ್ನಾನ, ಅಗ್ನಿಕುಂಡದ ಹೊಗೆ, ಲೋಬಾನ, ಸಾವಿರ ಪಾದಗಳು ಎಬ್ಬಿಸಿದ ಧೂಳು ಇವೆಲ್ಲವೂ ಅಂಥ ಎದೆಗೆ ಅಪಾಯವೆಂದು ಅವಳಿಗೆ ಗುಡಿಯ ಆವರಣದಲ್ಲಿಯೇ ಯಾರಾದರೂ ಹೇಳುವ ಏರ್ಪಾಡಾಗಲಿ.

ಉಳಿದುದು ಒಂದು ಪ್ರಶ್ನೆ. ಅದು ತಾಯಿಯನ್ನು ಕೇಳಬೇಕಾದುದಲ್ಲ, ಸಮಾಜವನ್ನು. ಮಗು ಊದಿದಾಗ ಬಂದ ಅಂಕಿಯನ್ನು ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತ ಮಗುವಿನ ಅಂಕಿಯೊಡನೆ ಹೋಲಿಸುತ್ತಾರಷ್ಟೆ. ಆ ಆದರ್ಶದ ಮಗು ಯಾವ ಊರಿನದು? ಬೆಂಗಳೂರು ನಗರದ, ನಗರದಂಚಿನ, ಹಳ್ಳಿಗಳ ಆರೋಗ್ಯವಂತ ಶಾಲಾಮಕ್ಕಳನ್ನು ಊದಿಸಿ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ರೋಗವಿಲ್ಲದ ಮಕ್ಕಳಲ್ಲಿಯೇ ಹಳ್ಳಿಯವರ ಶ್ವಾಸಸಾಮರ್ಥ್ಯ ನಗರದವರದಕ್ಕಿಂತ ಕಡಿಮೆಯಾಗಿತ್ತು; ಮೈಯ ಪೋಷಣೆಯೂ ತಾಯಿಯ ವಿದ್ಯಾಭ್ಯಾಸವೂ ಆ ಅಂತರದೊಡನೆ ಹೆಣೆದುಕೊಂಡಿದ್ದುವು. ಹಳ್ಳಿಯ ಮಗುವಿಗೆ ಕೆಳಗಿನ ಅಳತೆಯೇ ಸಹಜವೆಂದು ಬೇರೊಂದು ಕೋಷ್ಟಕವನ್ನು ಬರೆದು ಕೈತೊಳೆದುಕೊಳ್ಳಬಹುದು. ಹಾಗೆ ಮಾಡಿದರೆ ಬಡತನವನ್ನು ಪ್ರಕೃತಿಯೆಂದು ಸಾಧಿಸಿದಂತಾಗುತ್ತದೆ. ನಗರದ ಮಕ್ಕಳಾದರೂ ಸುಖಿಗಳೇನಲ್ಲ: ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ನೂರಕ್ಕೆ 9 ಇದ್ದುದು 1999ರ ವೇಳೆಗೆ 29.5ಕ್ಕೆ ಏರಿದುದನ್ನು ದಾಖಲಿಸಿ, ವಾಹನಗಳ ಹೊಗೆಯತ್ತ ಬೆರಳು ತೋರಿದರು.

ಹುಲಿಗಿಯಿಂದ ಕೊಪ್ಪಳದ ಕಡೆಗೆ ಹೊರಟವನಿಗೆ ಗಿಣಿಗೇರಿಯ ಸುತ್ತಣ ಕಬ್ಬಿಣದ ಕಾರ್ಖಾನೆಗಳ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಹಿರೇಬಗನಾಳ, ಅಲ್ಲಾನಗರ ಮೊದಲಾದ ಗ್ರಾಮಗಳ ಜನ ಬೆಳೆಯ ಮೇಲೆ, ಮಾಳಿಗೆಯ ಮೇಲೆ, ಒಣಗಹಾಕಿದ ಬಟ್ಟೆಯ ಮೇಲೆ ಕೂಡುವ ಕಪ್ಪು ಧೂಳನ್ನು ವರ್ಷಾನುಗಟ್ಟಲೆಯಿಂದ ತೋರಿಸುತ್ತ ಬಂದಿದ್ದಾರೆ. 2025ರ ಫೆಬ್ರುವರಿ 24ರಂದು, ಮತ್ತೊಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆದಾಗ, ಗವಿಮಠದ ಸ್ವಾಮಿಗಳೇ ಜನರ ಮುಂದೆ ನಿಂತರು. ಮಾಳಿಗೆಯ ಧೂಳು ಎಲ್ಲರಿಗೂ ಕಾಣುತ್ತದೆ, ನಾಳದೊಳಗಿನ ಊತ ಯಾರಿಗೂ ಕಾಣುವುದಿಲ್ಲ. ಹೀಗಾಗಿ ವಾದವೆಲ್ಲ ಕಾಣುವ ಧೂಳಿನ ಸುತ್ತಲೇ ಸುಳಿಯುತ್ತದೆ. ಆ ಗ್ರಾಮಗಳ ಶಾಲೆಗಳಲ್ಲಿ ಆರು ವರ್ಷ ತುಂಬಿದ ಪ್ರತಿ ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಉಸಿರನ್ನು ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆಯೊಮ್ಮೆ ಚಳಿಗಾಲದಲ್ಲೊಮ್ಮೆ, ಅಳೆದು ಬರೆದಿಡಬೇಕು. ಅಂಗನವಾಡಿಯಲ್ಲಿ ಕೂಸುಗಳನ್ನು ತೂಗಿ ಬರೆದಿಡುವ ಪದ್ಧತಿ ನಮ್ಮ ರಾಜ್ಯದಲ್ಲಿ 1975ರಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲಾಯಿತು. ಆ ತಕ್ಕಡಿಯಿಂದ ದೇವಿಗೆ ಅಪಚಾರವಾಯಿತೆಂದು ಇದುವರೆಗೆ ಯಾರೂ ಹೇಳಿಲ್ಲ. ಕೊಪ್ಪಳದ ವೈದ್ಯಕೀಯ ಕಾಲೇಜು ಹತ್ತಿರದಲ್ಲಿಯೇ ಇದೆ. ಅಂಕಿ ಇಳಿದ ಮಕ್ಕಳನ್ನು ಅಲ್ಲಿಗೆ ಕಳುಹಿಸಲಿ. ಮಕ್ಕಳ ಹೆಸರುಗಳನ್ನು ಮರೆಮಾಡಿ, ಊರಿಂದೂರಿಗೆ ವರ್ಷದಿಂದ ವರ್ಷಕ್ಕೆ ಆ ಅಂಕಿಗಳು ಏರಿದುವೋ ಇಳಿದುವೋ ಎಂಬುದನ್ನು ಗ್ರಾಮಸಭೆಯಲ್ಲಿ, ಕಾರ್ಖಾನೆಯವರೂ ಅಧಿಕಾರಿಗಳೂ ಕುಳಿತಿರುವಾಗ, ಗಟ್ಟಿಯಾಗಿ ಓದಿಸಲಿ.